ನಿಧಾನವಾಗುವುದು ಗಡಿಯಾರವೋ, ಕಾಲವೋ?

ಪ್ರಶ್ನೆ: ತುಮಕೂರಿನಲ್ಲಿ ನನ್ನದು ಗಡಿಯಾರ ದುರಸ್ತಿಯ ಕಸುಬು. ಬೇಸಿಗೆಯಲ್ಲಿ ಲೋಲಕದ ಗಡಿಯಾರ ಹಿಂದೆ ಬೀಳುತ್ತದೆ, ಎಣ್ಣೆ ಗಟ್ಟಿಯಾದರೆ ಕೈಗಡಿಯಾರ ಹಿಂದೆ ಬೀಳುತ್ತದೆ. ಇವನ್ನು ನಾವು ಗಡಿಯಾರದ ದೋಷ ಎನ್ನುತ್ತೇವೆ. ಆದರೆ ವೇಗವಾಗಿ ಚಲಿಸುವ ಗಡಿಯಾರ ಹಿಂದೆ ಬಿದ್ದರೆ ಮಾತ್ರ ವಿಜ್ಞಾನಿಗಳು ಕಾಲವೇ ನಿಧಾನವಾಯಿತು ಎನ್ನುತ್ತಾರೆ. ಅದೂ ಗಡಿಯಾರದ ದೋಷವೇ ಏಕಾಗಿರಬಾರದು? ಅಲ್ಲವಾದರೆ ಕಾಲ ಎಂದರೆ ಏನು?

ಉತ್ತರ: ಗಡಿಯಾರ ಹಿಂದೆ ಬಿದ್ದಿತು ಎಂಬ ಒಂದೇ ಕಾರಣಕ್ಕೆ ಕಾಲ ನಿಧಾನವಾಯಿತು ಎನ್ನುವ ಹಕ್ಕು ಯಾರಿಗೂ ಇಲ್ಲ. ಮೊದಲು ಗಡಿಯಾರವನ್ನೇ ಅನುಮಾನಿಸಬೇಕು. ನಿಮ್ಮ ಕಸುಬಿನ ಈ ಶಿಸ್ತು ಭೌತವಿಜ್ಞಾನಕ್ಕೂ ಅಷ್ಟೇ ಅಗತ್ಯ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ವಿವರಿಸುವ ಎಷ್ಟೋ ಬರಹಗಳು ಈ ಹೆಜ್ಜೆಯನ್ನು ಹಾರಿಸಿಬಿಡುತ್ತವೆ. ಓದುಗರಿಗೆ ಅಲ್ಲಿಂದಲೇ ಗೊಂದಲ ಶುರುವಾಗುತ್ತದೆ. ಆದ್ದರಿಂದ ನಿಜಕ್ಕೂ ಗಡಿಯಾರದ್ದೇ ದೋಷವಾಗಿದ್ದ ಒಂದು ಪ್ರಸಂಗವನ್ನು ಮೊದಲು ನೋಡೋಣ.

1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳವಿಜ್ಞಾನಿ ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿ ಗ್ರಹವೀಕ್ಷಣೆ ನಡೆಸುತ್ತಿದ್ದರು. ಪ್ಯಾರಿಸ್ಸಿಗೆ ಸರಿಹೊಂದುವ ಉದ್ದದ ಲೋಲಕ ಸಮಭಾಜಕಕ್ಕೆ ಹತ್ತಿರದ ಆ ಊರಿನಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಲೋಲಕವನ್ನು ಕೊಂಚ ಗಿಡ್ಡ ಮಾಡಿದ ಮೇಲಷ್ಟೇ ಅದು ನಕ್ಷತ್ರಗಳ ಲೆಕ್ಕಕ್ಕೆ ಹೊಂದಿಕೊಂಡಿತು. ಅಲ್ಲಿನ ಸೆಕೆಗೆ ಕಂಬಿ ಹಿಗ್ಗಿರಬೇಕು ಎಂದು ನಿಮಗೆ ಮೊದಲು ಅನಿಸಬಹುದು. ಆದರೆ ಉಕ್ಕಿನ ಕಂಬಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಗಡಿಯಾರ ದಿನಕ್ಕೆ ಬೀಳುವುದು ಅರ್ಧ ಸೆಕೆಂಡಿನಷ್ಟು ಹಿಂದೆ. ಎರಡೂವರೆ ನಿಮಿಷಕ್ಕೆ ಅದು ಯಾವ ಮೂಲೆಗೂ ಸಾಲದು. ನಿಜವಾದ ಕಾರಣವನ್ನು ಹೇಳಿದವರು ನ್ಯೂಟನ್. ತಿರುಗುವ ಭೂಮಿ ನಡುವಿನಲ್ಲಿ ಉಬ್ಬಿಕೊಂಡಿದೆ, ಅಲ್ಲಿ ಗುರುತ್ವ ಕೊಂಚ ಕಡಿಮೆ, ಹಾಗಾಗಿ ಲೋಲಕದ ತೂಗಾಟವೂ ನಿಧಾನ.

ಕಯೆನ್‌ನಲ್ಲಿ ಕಾಲ ನಿಧಾನ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಹಿಂದೆ ಬಿದ್ದದ್ದು ಲೋಲಕವೊಂದೇ. ಆಕಾಶದ ನಕ್ಷತ್ರಗಳು ತಮ್ಮ ಸುತ್ತನ್ನು ಎಂದಿನಂತೆಯೇ ಮುಗಿಸುತ್ತಿದ್ದವು. ಹೇರ್‌ಸ್ಪ್ರಿಂಗ್ ಮತ್ತು ಬ್ಯಾಲೆನ್ಸ್ ಚಕ್ರದಿಂದ ನಡೆಯುವ ಕೈಗಡಿಯಾರವನ್ನು ಪಕ್ಕದಲ್ಲಿಟ್ಟರೆ, ಅದಕ್ಕೆ ಗುರುತ್ವದ ಹಂಗಿಲ್ಲವಾದ್ದರಿಂದ, ಅದೂ ಲೋಲಕದ ಜೊತೆ ಹಿಂದೆ ಬೀಳುವುದಿಲ್ಲ. ದೋಷವನ್ನು ಗುರುತಿಸುವ ಪರೀಕ್ಷೆ ಇಷ್ಟೇ: ಒಳಗಿನ ಯಂತ್ರ ಬೇರೆಯಾಗಿರುವ ಇನ್ನೊಂದು ಗಡಿಯಾರವನ್ನು ಪಕ್ಕಕ್ಕೆ ತಂದಿಡಬೇಕು. ಒಂದು ಮಾತ್ರ ಹಿಂದೆ ಬಿದ್ದರೆ ದೋಷ ಆ ಗಡಿಯಾರದ್ದು. ಲೋಲಕ, ಸ್ಪ್ರಿಂಗ್, ಕ್ವಾರ್ಟ್ಜ್ ಹರಳು, ಪರಮಾಣು, ಮನುಷ್ಯನ ನಾಡಿ, ಬೀಜದ ಮೊಳಕೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಇವೆಲ್ಲವೂ ಒಂದೇ ಪ್ರಮಾಣದಲ್ಲಿ ಹಿಂದೆ ಬಿದ್ದರೆ? ಆಗ ಯಾವ ಗಡಿಯಾರವನ್ನು ಬಿಚ್ಚಿ ಏನನ್ನು ಸರಿಪಡಿಸುತ್ತೀರಿ? ನನ್ನ ಇಡೀ ಉತ್ತರ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಕಾಲವನ್ನು ಅಳೆಯುವುದೆಂದರೆ ಒಂದೇ ಬಗೆಯಾಗಿ ಮರುಕಳಿಸುವ ಏನನ್ನಾದರೂ ಎಣಿಸುವುದು. ನಮ್ಮ ಹಿರಿಯರು ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಎಷ್ಟು ಸಲ ಮುಳುಗಿತೆಂದು ಎಣಿಸಿದರು. ಒಂದು ಮುಳುಗಿಗೆ ಒಂದು ಗಳಿಗೆ, ಅಂದರೆ 24 ನಿಮಿಷ, ದಿನವೊಂದಕ್ಕೆ 60 ಗಳಿಗೆ. ಲೋಲಕದಲ್ಲಿ ತೂಗಾಟವನ್ನು ಎಣಿಸುತ್ತೇವೆ, ಕ್ವಾರ್ಟ್ಜ್ ಕೈಗಡಿಯಾರದ ಹರಳಿನಲ್ಲಿ ಸೆಕೆಂಡಿಗೆ 32,768 ಕಂಪನಗಳನ್ನು ಎಣಿಸುತ್ತೇವೆ. ಎಣಿಸುವ ಘಟನೆ ಸಮವಾಗಿ ಮರುಕಳಿಸುತ್ತಿದೆ ಎಂದು ಗೊತ್ತಾಗುವುದಾದರೂ ಹೇಗೆ? ಇನ್ನೊಂದು ಬಗೆಯ ಗಡಿಯಾರದ ಜೊತೆ ಹೋಲಿಸಿಯೇ ಹೊರತು ಬೇರೆ ದಾರಿ ಇಲ್ಲ. ಬಹುಕಾಲ ಎಲ್ಲ ಗಡಿಯಾರಗಳಿಗೂ ಗುರುವಾಗಿದ್ದದ್ದು ಭೂಮಿಯ ತಿರುಗಾಟ. 1930ರ ದಶಕದಲ್ಲಿ ಬರ್ಲಿನ್‌ನ ಕ್ವಾರ್ಟ್ಜ್ ಗಡಿಯಾರಗಳನ್ನು ಅದರ ಜೊತೆ ಹೋಲಿಸಿದಾಗ ಭೂಮಿಯ ವೇಗವೇ ಋತುವಿನಿಂದ ಋತುವಿಗೆ ಕೊಂಚ ಏರುಪೇರಾಗುವುದು ಕಂಡಿತು. ಇಲ್ಲೂ ಅದೇ ಪರೀಕ್ಷೆ, ಅದೇ ತೀರ್ಪು: ದೋಷ ಭೂಮಿ ಎಂಬ ಗಡಿಯಾರದ್ದು. 1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಪರಮಾಣುವಿನ ಗಡಿಯಾರವನ್ನು ನಡೆಸಿ ತೋರಿಸಿದರು. 1967ರಿಂದ ಸೆಕೆಂಡ್ ಎಂದರೆ ಸೀಸಿಯಂ-133 ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣದ 9,192,631,770 ಆವರ್ತಗಳು. ಭೂಮಿಯ ದಿನಕ್ಕೂ ಈ ಸೆಕೆಂಡಿಗೂ ತಾಳ ತಪ್ಪದಂತೆ 1972ರಿಂದ 2016ರವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಗಿದೆ.

ಈಗ ಚಲಿಸುವ ಗಡಿಯಾರದ ವಿಷಯಕ್ಕೆ ಬರೋಣ. ಒಳಗೆ ಯಂತ್ರವೇ ಇಲ್ಲದ ಗಡಿಯಾರವೊಂದು ಪ್ರಕೃತಿಯಲ್ಲಿದೆ. ಅದು ಮ್ಯೂಯಾನ್ ಎಂಬ ಕಣ. ಅದರಲ್ಲಿ ಎಣ್ಣೆಯಿಲ್ಲ, ಸ್ಪ್ರಿಂಗ್ ಇಲ್ಲ, ಸವೆಯುವ ಹಲ್ಲುಗಳಿಲ್ಲ. ನಿಶ್ಚಲವಾಗಿರುವ ಮ್ಯೂಯಾನ್ ಸರಾಸರಿ 2.2 ಮೈಕ್ರೋಸೆಕೆಂಡಿನಲ್ಲಿ ಒಡೆದು ಬೇರೆ ಕಣಗಳಾಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟಿ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಕೆಳಕ್ಕೆ ಧಾವಿಸುತ್ತವೆ. 2.2 ಮೈಕ್ರೋಸೆಕೆಂಡಿನಲ್ಲಿ ಬೆಳಕು ಕ್ರಮಿಸುವುದು 660 ಮೀಟರ್. ಆ ಲೆಕ್ಕದಲ್ಲಿ ಸಾವಿರ ಕೋಟಿ ಮ್ಯೂಯಾನ್‌ಗಳಲ್ಲಿ ಒಂದೋ ಎರಡೋ ನೆಲ ಮುಟ್ಟಬೇಕು. ಆದರೆ ಈ ಕ್ಷಣದಲ್ಲೂ ನಿಮ್ಮ ಚಾಚಿದ ಅಂಗೈಯನ್ನು ಸೆಕೆಂಡಿಗೆ ಒಂದರಂತೆ ಮ್ಯೂಯಾನ್‌ಗಳು ಹಾಯ್ದುಹೋಗುತ್ತಿವೆ. 1941ರಲ್ಲಿ ಬ್ರೂನೋ ರೋಸಿ ಮತ್ತು ಡೇವಿಡ್ ಹಾಲ್ ಬೇರೆ ಬೇರೆ ಎತ್ತರಗಳಲ್ಲಿ ಇವನ್ನು ಎಣಿಸಿ, ಹೆಚ್ಚು ವೇಗದವು ಹೆಚ್ಚು ಹೊತ್ತು ಉಳಿಯುತ್ತವೆ ಎಂದು ತೋರಿಸಿದರು. ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಇವುಗಳ ಜೊತೆ ನಂಟಿದೆ. 1950ರ ದಶಕದಲ್ಲಿ ಬಿ.ವಿ. ಶ್ರೀಕಂಠನ್ ಮತ್ತು ಅವರ ಸಹೋದ್ಯೋಗಿಗಳು ಗಣಿಯೊಳಗೆ ಬೇರೆ ಬೇರೆ ಆಳಗಳಲ್ಲಿ ಉಪಕರಣಗಳನ್ನಿಟ್ಟು, ವಾತಾವರಣವನ್ನಷ್ಟೇ ಅಲ್ಲದೆ ಬಂಡೆಯನ್ನೂ ಕೊರೆದು ಬಂದ ಮ್ಯೂಯಾನ್‌ಗಳನ್ನು ಎಣಿಸಿದರು. ಅದೇ ಕೆಲಸದ ಮುಂದುವರಿಕೆಯಾಗಿ 1965ರಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಗುರುತು ಸಿಕ್ಕಿತು. ಕನ್ನಡ ನಾಡಿನ ವಿಜ್ಞಾನದ ಈ ಅಧ್ಯಾಯ ನಮ್ಮ ಶಾಲಾಮಕ್ಕಳ ಕಿವಿಗೂ ಬೀಳಬೇಕು ಎಂಬುದು ನನ್ನ ಬಹುದಿನದ ಆಸೆ.

ವೇಗವನ್ನು ನಾವೇ ನಿರ್ಧರಿಸಿ ನಡೆಸಿದ ಪ್ರಯೋಗ ಇನ್ನೂ ಗಟ್ಟಿಯಾದದ್ದು. 1970ರ ದಶಕದಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ 14 ಮೀಟರ್ ವ್ಯಾಸದ ಉಂಗುರದೊಳಗೆ ಮ್ಯೂಯಾನ್‌ಗಳನ್ನು ಸುತ್ತಿಸಿದರು. ಅವುಗಳ ಸರಾಸರಿ ಆಯುಸ್ಸು 2.2ರಿಂದ ಸುಮಾರು 64 ಮೈಕ್ರೋಸೆಕೆಂಡಿಗೆ ಏರಿತು. ಐನ್‌ಸ್ಟೈನರ ಸೂತ್ರ ಆ ವೇಗಕ್ಕೆ ಹೇಳುವ 29 ಪಟ್ಟಿಗೂ ಇದಕ್ಕೂ ಸಾವಿರಕ್ಕೆ ಒಂದರಷ್ಟೂ ವ್ಯತ್ಯಾಸವಿರಲಿಲ್ಲ. ಸುತ್ತಿಸಿದ ರಭಸಕ್ಕೆ ಕಣ ಕೆಟ್ಟಿರಬಹುದಲ್ಲ ಎಂದು ನೀವು ಕೇಳಬಹುದು. ಆ ಉಂಗುರದಲ್ಲಿ ಅವು ಅನುಭವಿಸಿದ ವೇಗೋತ್ಕರ್ಷ ಭೂಗುರುತ್ವದ ಹತ್ತು ಸಾವಿರ ಕೋಟಿ ಕೋಟಿ ಪಟ್ಟು. ಆದರೂ ಲೆಕ್ಕಕ್ಕೆ ಬಂದದ್ದು ವೇಗವೊಂದೇ. ತಿರುವಿನ ಹೊಡೆತದಿಂದ ಆಯುಸ್ಸಿನಲ್ಲಿ ಕೂದಲೆಳೆಯ ಬದಲಾವಣೆಯೂ ಕಾಣಲಿಲ್ಲ.

ಎಲ್ಲ ಬಗೆಯ ಗಡಿಯಾರಗಳೂ ಒಂದೇ ಪ್ರಮಾಣದಲ್ಲಿ ಹಿಂದೆ ಬೀಳಲೇಬೇಕು ಎಂಬುದಕ್ಕೆ ಐನ್‌ಸ್ಟೈನ್ 1905ರಲ್ಲಿ ಕೊಟ್ಟ ತರ್ಕ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅದಕ್ಕೆ ಬೇಕಾದದ್ದು ಎರಡು ಆಧಾರಗಳು. ಅಲುಗಾಟವಿಲ್ಲದೆ ನೇರವಾಗಿ ಒಂದೇ ವೇಗದಲ್ಲಿ ಸಾಗುವ ನೌಕೆಯ ಮುಚ್ಚಿದ ಕೋಣೆಯಲ್ಲಿ ಕುಳಿತವನು ಯಾವ ಪ್ರಯೋಗ ಮಾಡಿದರೂ ತಾನು ಚಲಿಸುತ್ತಿದ್ದೇನೆಯೋ ನಿಂತಿದ್ದೇನೆಯೋ ಎಂದು ಕಂಡುಹಿಡಿಯಲಾರ. ಇದು ಗೆಲಿಲಿಯೋ ಕಾಲದಿಂದ ಬಂದ ಮಾತು. ಇನ್ನೊಂದು, ಬೆಳಕಿನ ವೇಗವನ್ನು ಯಾರು ಅಳೆದರೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಎಂದೇ ಬರುತ್ತದೆ.

ಒಂದು ಕಾಗದ ತೆಗೆದುಕೊಂಡು ಈ ಚಿತ್ರ ಬರೆದುಕೊಳ್ಳಿ. ನೌಕೆಯಲ್ಲಿ ಒಂದರ ಮೇಲೊಂದು, 3 ಮೀಟರ್ ಅಂತರದಲ್ಲಿ ಎರಡು ಕನ್ನಡಿಗಳಿವೆ. ಅವುಗಳ ನಡುವೆ ಬೆಳಕು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದೆ. ಒಂದು ಓಟಕ್ಕೆ ಒಂದು ಬಡಿತ. ಇದೇ ನಮ್ಮ ಬೆಳಕಿನ ಗಡಿಯಾರ. ನೌಕೆ ಬೆಳಕಿನ ವೇಗದ ಶೇಕಡಾ 80ರಷ್ಟು ವೇಗದಲ್ಲಿ ಸಾಗುತ್ತಿದೆ ಎನ್ನಿ. ಒಳಗಿರುವವನಿಗೆ ಬೆಳಕಿನ ಒಂದು ಓಟ 3 ಮೀಟರ್. ಹೊರಗೆ ನಿಂತವನಿಗೆ ಮಾತ್ರ ಬೆಳಕಿನ ಹಾದಿ ಓರೆ: ನೌಕೆ 4 ಮೀಟರ್ ಮುಂದೆ ಹೋಗುವಷ್ಟರಲ್ಲಿ ಬೆಳಕು 5 ಮೀಟರ್ ಓರೆಯಾಗಿ ಸಾಗಿ ಮೇಲಿನ ಕನ್ನಡಿಯನ್ನು ಮುಟ್ಟುತ್ತದೆ. 3, 4, 5ರ ಈ ಲಂಬಕೋನ ತ್ರಿಕೋನ ನಿಮಗೆ ಶಾಲೆಯಿಂದಲೇ ಪರಿಚಿತ. ಬೆಳಕಿನ ವೇಗ ಇಬ್ಬರಿಗೂ ಒಂದೇ ಆದ್ದರಿಂದ, ಹೊರಗಿನವನ ಗಡಿಯಾರದಲ್ಲಿ 5 ಎಣಿಕೆ ಆಗುವಷ್ಟರಲ್ಲಿ ನೌಕೆಯ ಗಡಿಯಾರದಲ್ಲಿ ಆಗುವುದು 3 ಎಣಿಕೆ.

ಇದು ಬೆಳಕಿನ ಗಡಿಯಾರದ ಮಾತಾಯಿತು, ನಾನು ದುರಸ್ತಿ ಮಾಡುವ ಕೈಗಡಿಯಾರಕ್ಕೇನು ಎನ್ನುವಿರೇ? ನೌಕೆಯಲ್ಲಿ ಬೆಳಕಿನ ಗಡಿಯಾರ ನಿಧಾನವಾಗಿ, ಪಕ್ಕದಲ್ಲಿಟ್ಟ ಎಚ್‌ಎಂಟಿ ಕೈಗಡಿಯಾರ ಮಾತ್ರ ಮೊದಲಿನಂತೆಯೇ ನಡೆಯಿತು ಎಂದುಕೊಳ್ಳಿ. ಆಗ ಒಳಗಿರುವವನು ಕಿಟಕಿ ತೆರೆಯದೆಯೇ, ಆ ಎರಡನ್ನು ಹೋಲಿಸಿ ನೋಡಿ, ತಾನು ಚಲಿಸುತ್ತಿದ್ದೇನೆ ಎಂದು ಹೇಳಿಬಿಡಬಹುದು. ಮೊದಲ ಆಧಾರ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಕೈಗಡಿಯಾರವೂ, ಅದನ್ನು ಕಟ್ಟಿಕೊಂಡವನ ನಾಡಿಯೂ, ಅವನ ಗಡ್ಡ ಬೆಳೆಯುವುದೂ ಅದೇ 5ಕ್ಕೆ 3ರ ಪ್ರಮಾಣದಲ್ಲೇ ನಡೆಯಬೇಕು. ಈ ತರ್ಕದಲ್ಲಿ ಗಡಿಯಾರದ ಒಳಗೆ ಏನಿದೆ ಎಂಬ ಪ್ರಶ್ನೆ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ದೋಷವಾಗಿದ್ದರೆ ಅದಕ್ಕೊಂದು ಕಾರಣ ಗಡಿಯಾರದೊಳಗೆ ಇರಬೇಕಿತ್ತು, ಗಡಿಯಾರದಿಂದ ಗಡಿಯಾರಕ್ಕೆ ಅದರ ಪ್ರಮಾಣ ಬದಲಾಗಬೇಕಿತ್ತು.

ಪರಮಾಣು ಗಡಿಯಾರಗಳೇ ಇದಕ್ಕೆ ಸಾಕ್ಷಿ ಹೇಳಿದ್ದು 1971ರ ಅಕ್ಟೋಬರಿನಲ್ಲಿ. ಜೋಸೆಫ್ ಹಾಫೆಲೆ ಮತ್ತು ರಿಚರ್ಡ್ ಕೀಟಿಂಗ್ ನಾಲ್ಕು ಸೀಸಿಯಂ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನಗಳಲ್ಲಿ ಇಟ್ಟುಕೊಂಡು ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ಭೂಮಿಯನ್ನು ಸುತ್ತಿಬಂದರು. ವಾಷಿಂಗ್ಟನ್‌ನಲ್ಲಿ ಉಳಿದಿದ್ದ ಗಡಿಯಾರಗಳ ಜೊತೆ ಹೋಲಿಸಿದಾಗ ಪೂರ್ವಕ್ಕೆ ಹೋದವು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೋಸೆಕೆಂಡ್ ಮುಂದಿದ್ದವು. ಅದೇ ಗಡಿಯಾರಗಳು, ಅದೇ ಬಗೆಯ ವಿಮಾನಗಳು; ಅಲುಗಾಟದಿಂದಲೋ ಚಳಿಯಿಂದಲೋ ಕೆಟ್ಟಿದ್ದರೆ ದಿಕ್ಕಿಗೆ ತಕ್ಕಂತೆ ಏಕೆ ಕೆಡಬೇಕು? ಭೂಮಿ ಪೂರ್ವಕ್ಕೆ ತಿರುಗುತ್ತದೆ. ಪೂರ್ವಕ್ಕೆ ಹಾರುವ ವಿಮಾನ ಆ ವೇಗಕ್ಕೆ ತನ್ನದನ್ನೂ ಸೇರಿಸುತ್ತದೆ, ಪಶ್ಚಿಮಕ್ಕೆ ಹಾರುವುದು ಕಳೆಯುತ್ತದೆ. ಇದರ ಜೊತೆಗೆ ಎರಡೂ ವಿಮಾನಗಳು ಎತ್ತರದಲ್ಲಿದ್ದವು, ಅದರ ಪರಿಣಾಮವೇ ಬೇರೆ.

ಎತ್ತರದ ಈ ವಿಷಯ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಗುರುತ್ವದ ಮೂಲದಿಂದ ದೂರ ಹೋದಷ್ಟೂ ಕಾಲ ಚುರುಕಾಗುತ್ತದೆ ಎಂದು ಐನ್‌ಸ್ಟೈನ್ 1907ರಿಂದಲೇ ವಾದಿಸುತ್ತ ಬಂದಿದ್ದರು. 1960ರ ಹೊತ್ತಿಗೆ ಪೌಂಡ್ ಮತ್ತು ರೆಬ್ಕಾ ಎಂಬ ಭೌತವಿಜ್ಞಾನಿಗಳು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಟ್ಟಡವೊಂದರೊಳಗೆ, ಕೇವಲ 22.5 ಮೀಟರ್ ಅಂತರದಲ್ಲೇ ಇದನ್ನು ಅಳೆದರು. ಮಂಗಳೂರಿನ ಕಡಲತೀರದಿಂದ ಒಂದು ಲೋಲಕದ ಗಡಿಯಾರವನ್ನೂ ಒಂದು ಪರಮಾಣು ಗಡಿಯಾರವನ್ನೂ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಗೆ ಒಯ್ಯುವುದಾದರೆ, ಲೋಲಕ ದಿನಕ್ಕೆ ಸುಮಾರು ಇಪ್ಪತ್ತು ಸೆಕೆಂಡ್ ಹಿಂದೆ ಬೀಳುತ್ತದೆ. ಗುರುತ್ವದ ಎಳೆತ ಅಲ್ಲಿ ಕಡಿಮೆ, ರಿಷೆಯವರ ಗಡಿಯಾರಕ್ಕೆ ಆದದ್ದೇ ಇದಕ್ಕೂ ಆಗುತ್ತದೆ. ಪರಮಾಣು ಗಡಿಯಾರ ದಿನಕ್ಕೆ 18 ನ್ಯಾನೋಸೆಕೆಂಡ್ ಮುಂದೆ ಹೋಗುತ್ತದೆ. ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಮೊದಲನೆಯದನ್ನು ಲೋಲಕದ ಕಂಬಿ ಗಿಡ್ಡ ಮಾಡಿ ನೀವು ಸರಿಪಡಿಸಬಲ್ಲಿರಿ. ಎರಡನೆಯದನ್ನು ಸರಿಪಡಿಸಲು ಏನೂ ಇಲ್ಲ, ಗಿರಿಯ ಮೇಲೆ ನಡೆಯುವ ಎಲ್ಲದಕ್ಕೂ ಆ 18 ನ್ಯಾನೋಸೆಕೆಂಡ್ ಸೇರಿಕೊಂಡಿದೆ. 800 ಮೀಟರಿಗೂ ಎತ್ತರದಲ್ಲಿರುವ ನಿಮ್ಮ ತುಮಕೂರಿನಲ್ಲಿ ಕೂಡ ಕಡಲತೀರಕ್ಕಿಂತ ವರ್ಷಕ್ಕೆ ಸುಮಾರು 3 ಮೈಕ್ರೋಸೆಕೆಂಡ್ ಹೆಚ್ಚು ಕಾಲ ಕಳೆಯುತ್ತದೆ.

ಹಾಗಾದರೆ ಕಾಲ ಎಂದರೆ ಏನು? ಬೆಂಗಳೂರಿನಿಂದ ಮಂಗಳೂರಿಗೆ ಎರಡು ಕಾರುಗಳು ಹೊರಟವು ಎನ್ನಿ, ಒಂದು ಶಿರಾಡಿ ಘಾಟಿಯ ಹಾದಿಯಲ್ಲಿ, ಇನ್ನೊಂದು ಮೈಸೂರು, ಮಡಿಕೇರಿಗಳ ಮೇಲೆ. ತಲುಪಿದಾಗ ಅವುಗಳ ಕಿಲೋಮೀಟರ್ ಮೀಟರುಗಳು ಬೇರೆ ಬೇರೆ ಅಂಕಿ ತೋರಿಸುತ್ತವೆ. ಮೀಟರು ಕೆಟ್ಟಿದೆ ಎಂದು ನೀವು ಮೆಕ್ಯಾನಿಕ್ ಹತ್ತಿರ ಹೋಗುವುದಿಲ್ಲ, ದಾರಿಯ ಉದ್ದವೇ ಬೇರೆ. ಗಡಿಯಾರವೂ ಅಂಥದೇ ಒಂದು ಮೀಟರು. ಎರಡು ಘಟನೆಗಳ ನಡುವೆ ತಾನು ಹಿಡಿದ ಹಾದಿಯ ಮೇಲೆ ಎಷ್ಟು ಕಾಲವಿದೆ ಎಂಬುದನ್ನು ಅದು ಅಳೆಯುತ್ತದೆ. ದಾರಿ ಬದಲಾದರೆ ಮೊತ್ತವೂ ಬದಲಾಗುತ್ತದೆ. ರಸ್ತೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆಯಬಾರದು: ನೆಲದ ಮೇಲೆ ನೇರ ದಾರಿ ಅತಿ ಚಿಕ್ಕದು, ಆದರೆ ಕಾಲದ ಲೆಕ್ಕದಲ್ಲಿ ಸುತ್ತಿ ಬಳಸದೆ ಇದ್ದವನ ಪಾಲಿಗೇ ಹೆಚ್ಚು ಕಾಲ ಸಿಗುತ್ತದೆ. 8 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ಬೆಳಕಿನ ವೇಗದ ಶೇಕಡಾ 80ರಲ್ಲಿ ಹೋಗಿ ಹಿಂತಿರುಗಿದವಳಿಗೆ 12 ವರ್ಷ ಕಳೆದಿರುತ್ತದೆ, ಮನೆಯಲ್ಲಿ ಉಳಿದ ಅವಳಿ ಸೋದರಿಗೆ 20 ವರ್ಷ. ಸಾಗುವಾಗ ಪರಸ್ಪರರ ಗಡಿಯಾರ ನಿಧಾನ ಎಂದು ಇಬ್ಬರೂ ಹೇಳುತ್ತಾರಲ್ಲ, ಹಾಗಾದರೆ ಚಿಕ್ಕವಳು ಯಾರು ಎಂದು ಕೇಳುವವರಿದ್ದಾರೆ. ನಡುದಾರಿಯಲ್ಲಿ ತಿರುಗಿ ಬಂದವಳು ಒಬ್ಬಳೇ; ಇಬ್ಬರ ಹಾದಿಗಳೂ ಒಂದೇ ಆಕಾರದವಲ್ಲ, ಆದ್ದರಿಂದ ಮೊತ್ತದಲ್ಲಿ ಗೊಂದಲವಿಲ್ಲ. ಹೋಗಿಬಂದವಳಿಗೆ ಆಯುಸ್ಸು ಹೆಚ್ಚಿತು ಎಂದೂ ತಿಳಿಯಬೇಡಿ. ಅವಳು ಉಂಡದ್ದು 12 ವರ್ಷದ ಊಟ, ಮಲಗಿದ್ದು 12 ವರ್ಷದ ನಿದ್ದೆ. 2025ರಲ್ಲಿ 20 ದಿನ ಬಾಹ್ಯಾಕಾಶದಲ್ಲಿದ್ದು ಬಂದ ಶುಭಾಂಶು ಶುಕ್ಲಾ ಅವರಿಗೂ ಭೂಮಿಯಲ್ಲಿದ್ದವರಿಗಿಂತ ಸುಮಾರು ಅರ್ಧ ಮಿಲಿಸೆಕೆಂಡ್ ಕಡಿಮೆ ಕಾಲ ಕಳೆದಿದೆ.

ಎಲ್ಲೆಡೆಯೂ ಒಂದೇ ಸಮನೆ ಹರಿಯುವ, ಯಾವುದಕ್ಕೂ ಅಂಟಿಕೊಳ್ಳದ ಒಂದು ಕಾಲವನ್ನು ನ್ಯೂಟನ್ 1687ರಲ್ಲಿ ಕಲ್ಪಿಸಿದರು. ಅದನ್ನು ತೋರಿಸುವ ಗಡಿಯಾರ ಇದುವರೆಗೆ ಸಿಕ್ಕಿಲ್ಲ. ಮೇಲಿನ ಪ್ರಯೋಗಗಳನ್ನು ನೋಡಿದ ಮೇಲೆ, ಅಂಥ ಕಾಲವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಧಾನವಾಗಲು ಬೇಕಾದ ಆ ಒಂದು ಸಾಮಾನ್ಯ ಕಾಲವೇ ಇಲ್ಲದ ಮೇಲೆ, ಕಾಲ ನಿಧಾನವಾಯಿತು ಎಂಬ ಮಾತೂ ಸಡಿಲವಾದದ್ದೇ. ಎರಡು ಹಾದಿಗಳಲ್ಲಿ ಕಳೆದ ಕಾಲದ ಮೊತ್ತ ಬೇರೆ ಎನ್ನುವುದು ಹೆಚ್ಚು ಸರಿ.

ಇದನ್ನು ನಂಬದೆ ಕೆಲಸ ನಡೆಸಲು ನೋಡಿದ ಎಂಜಿನಿಯರುಗಳೂ ಇದ್ದರು. ಜಿಪಿಎಸ್‌ಗೆ ಮುನ್ನ 1977ರಲ್ಲಿ ಅಮೆರಿಕ ಹಾರಿಸಿದ ಎನ್‌ಟಿಎಸ್-2 ಉಪಗ್ರಹದ ಸೀಸಿಯಂ ಗಡಿಯಾರಕ್ಕೆ ಸಾಪೇಕ್ಷತೆಯ ತಿದ್ದುಪಡಿ ಬೇಕೇ ಬೇಡವೇ ಎಂಬ ಅನುಮಾನವಿತ್ತು. ಬೇಕೆನಿಸಿದರೆ ನೆಲದಿಂದಲೇ ಚಾಲೂ ಮಾಡುವಂತೆ ತಿದ್ದುಪಡಿಯ ಸಾಧನವನ್ನು ಒಳಗಿಟ್ಟು ಕಳುಹಿಸಿದರು. ಲಕ್ಷ ಕೋಟಿ ಬಡಿತಕ್ಕೆ 446.5 ಬಡಿತ ಹೆಚ್ಚಾಗಬೇಕೆಂದು ಲೆಕ್ಕ ಹೇಳಿತ್ತು. ಸುಮಾರು ಇಪ್ಪತ್ತು ದಿನ ಅಳೆದಾಗ ಸಿಕ್ಕಿದ್ದು 442.5. ಆ ಮೇಲೆ ಸಾಧನವನ್ನು ಚಾಲೂ ಮಾಡಿದರು. ಜಿಪಿಎಸ್ ಉಪಗ್ರಹದ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ, ಎತ್ತರದಿಂದಾಗಿ 45 ಮೈಕ್ರೋಸೆಕೆಂಡ್ ಮುಂದೆ, ಒಟ್ಟು 38 ಮುಂದೆ ಹೋಗುತ್ತದೆ. ಉಪಗ್ರಹದ ಸಂಕೇತ ಬರಲು ಹಿಡಿದ ಹೊತ್ತಿನಿಂದಲೇ ಜಿಪಿಎಸ್ ದೂರವನ್ನು ಅಳೆಯುವುದು; ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರ್ ದಾಟುತ್ತದೆ. ಜಿಪಿಎಸ್‌ನಂಥದೇ ಆದ ನಮ್ಮ ನಾವಿಕ್ ವ್ಯವಸ್ಥೆಯ ಉಪಗ್ರಹಗಳು ಇನ್ನೂ ಎತ್ತರ, ಸುಮಾರು 36,000 ಕಿಲೋಮೀಟರ್ ಮೇಲಿವೆ. ಅಲ್ಲಿ ಈ ಅಂತರ ದಿನಕ್ಕೆ 46 ಮೈಕ್ರೋಸೆಕೆಂಡಿಗೂ ಹೆಚ್ಚು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರ ಆ ಗಡಿಯಾರಗಳಿಗೆ ನೆಲದ ಕಾಲವನ್ನು ಒದಗಿಸುತ್ತದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಂಬ ನಾವಿಕ್ ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ.

ಪ್ರಪಂಚದ ಅಂತರರಾಷ್ಟ್ರೀಯ ಪರಮಾಣು ಕಾಲವನ್ನು 400ಕ್ಕೂ ಹೆಚ್ಚು ಗಡಿಯಾರಗಳ ಸರಾಸರಿಯಿಂದ ಕಟ್ಟುತ್ತಾರೆ. ಅವೆಲ್ಲ ಬೇರೆ ಬೇರೆ ಎತ್ತರದಲ್ಲಿವೆ. ಅಮೆರಿಕದ ಬೋಲ್ಡರ್ ಸುಮಾರು 1,650 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಡಿಯಾರ ಗ್ರೀನಿಚ್‌ನದಕ್ಕಿಂತ ವರ್ಷಕ್ಕೆ 5 ಮೈಕ್ರೋಸೆಕೆಂಡ್ ಮುಂದೆ. ಹಾಗಾಗಿ 1977ರಿಂದ ಪ್ರತಿಯೊಂದು ಗಡಿಯಾರದ ಲೆಕ್ಕವನ್ನೂ ಸಮುದ್ರಮಟ್ಟಕ್ಕೆ ಇಳಿಸಿಕೊಂಡೇ ಸೇರಿಸುತ್ತಾರೆ. ಸ್ಟ್ರಾನ್ಷಿಯಂ ಮೊದಲಾದ ಪರಮಾಣುಗಳ ಬೆಳಕಿನ ಆವರ್ತವನ್ನು ಎಣಿಸುವ ಈಗಿನ ಗಡಿಯಾರಗಳಿಗೆ ಈ ತಿದ್ದುಪಡಿಯ ನಿಖರತೆಯೂ ಸಾಲದಾಗಿದೆ. 2010ರಲ್ಲಿ ಒಂದು ಗಡಿಯಾರವನ್ನು 33 ಸೆಂಟಿಮೀಟರ್ ಎತ್ತರಿಸಿದಾಗ ಅದು ಚುರುಕಾದದ್ದನ್ನು ಬೋಲ್ಡರ್‌ನಲ್ಲಿ ಅಳೆದರು, 2022ರಲ್ಲಿ ಅಲ್ಲೇ ಒಂದು ಮಿಲಿಮೀಟರ್ ಅಂತರದ ವ್ಯತ್ಯಾಸವನ್ನೂ ಅಳೆದರು. ಇಂಥ ಎರಡು ಗಡಿಯಾರಗಳನ್ನು ಹೋಲಿಸಬೇಕಾದರೆ ಅವು ನಿಂತ ನೆಲದ ಎತ್ತರ ಸೆಂಟಿಮೀಟರಿನ ಮಟ್ಟಕ್ಕೆ ಗೊತ್ತಿರಬೇಕು, ಚಂದ್ರನ ಸೆಳೆತಕ್ಕೆ ನೆಲವೇ ದಿನಕ್ಕೆ ಎರಡು ಸಲ ಎಷ್ಟು ಉಬ್ಬಿ ಇಳಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಜಪಾನಿನ ತಂಡವೊಂದು ಇದನ್ನೇ ತಿರುಗಿಸಿ ಉಪಯೋಗಿಸಿಕೊಂಡಿತು. ಟೋಕಿಯೋದ ಸ್ಕೈಟ್ರೀ ಗೋಪುರದ ಬುಡದಲ್ಲೊಂದು, 450 ಮೀಟರ್ ಮೇಲೊಂದು ಗಡಿಯಾರವನ್ನಿಟ್ಟು, ಅವುಗಳ ಬಡಿತದ ವ್ಯತ್ಯಾಸದಿಂದಲೇ ಎತ್ತರವನ್ನು ಲೆಕ್ಕ ಹಾಕಿ, ಬೇರೆ ವಿಧಾನಗಳಿಂದ ಅಳೆದ ಎತ್ತರದ ಜೊತೆ ತಾಳೆ ನೋಡಿ, 2020ರಲ್ಲಿ ಪ್ರಕಟಿಸಿತು.